ಮಂಗಳೂರಿನ ಅಲೋಶಿಯಸ್ ಚಾಪೆಲ್: ಪೆನ್ಸಿಲ್ ಹಿಡಿದುಕೊಂಡು ಹೋಗಿ, ಎರಡು ತಾಸು ಕೂತು ಬನ್ನಿ

ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಚಾಪೆಲಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲನೇ ಸಲ ಒಳಗಿದ್ದದ್ದು ಹದಿನೈದು ನಿಮಿಷ. ಎರಡನೇ ಸಲ ಎರಡೂವರೆ ತಾಸು. ಮೊದಲನೇ ಸಲ ನೋಡಿದ್ದನ್ನು ನೋಡಿದ್ದು ಅಂತ ಈಗ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆಗ ನನ್ನ ಪಿಯುಸಿ ಮುಗಿದಿತ್ತು. ಗದಗದಿಂದ ಟೂರ್ ಗಾಡಿಯಲ್ಲಿ ಬಂದಿದ್ದೆವು. ಯಾವ ಟೂರಿನವರು ಅನ್ನೋದು ಬೇಡ. ಗಾಡಿ ನಿಲ್ಲಿಸಿ "ಹದಿನೈದು ನಿಮಿಷ, ಆಮೇಲೆ ಬೀಚ್" ಅಂದರು. ಒಳಗೆ ಹೋಗಿ ಕತ್ತೆತ್ತಿದೆವು, "ಅಬ್ಬಾ" ಅಂದೆವು, ಹೊರಗೆ ಬಂದೆವು. ಯಾರು ಬರೆದದ್ದು, ಯಾವಾಗ ಬರೆದದ್ದು, ಚಿತ್ರದಲ್ಲಿ ಇರುವವರು ಯಾರು ಅಂತ ಒಬ್ಬರೂ ಹೇಳಲಿಲ್ಲ. ದುಡ್ಡು ಕೊಟ್ಟು ಬಂದವರಿಗೆ ಅಷ್ಟಾದರೂ ಹೇಳಬೇಕಿತ್ತು ಅಲ್ವಾ? ಆ ಬೇಜಾರು ನನಗೆ ಇವತ್ತಿಗೂ ಇದೆ.

ಎರಡನೇ ಸಲ ಹೋಗಿದ್ದು ನಮ್ಮ ಬಳಗದ ಜೊತೆ. ನಾನೀಗ ಮಂಗಳೂರಿನಲ್ಲೇ ಎಂ.ಎ. ಓದುತ್ತಿದ್ದೇನೆ. ಬೇರೆ ಬೇರೆ ಕಾಲೇಜಿನ ಹದಿನಾಲ್ಕು ಜನ ಹದಿನೈದು ದಿನಕ್ಕೊಮ್ಮೆ ಶನಿವಾರ ಸೇರುತ್ತೇವೆ. ಎಲ್ಲರೂ ಕ್ರೈಸ್ತರೇ, ಆದರೆ ಒಂದೇ ಸಭೆಯವರಲ್ಲ. ಕೊಂಕಣಿ ಮಾತಾಡುವ ಕ್ಯಾಥೊಲಿಕರು ಜಾಸ್ತಿ. ನನ್ನಂಥ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು ಐದು ಮಂದಿ. ಕೇರಳದ ಆರ್ಥೊಡಾಕ್ಸ್ ಹುಡುಗರು ಇಬ್ಬರು. ಒಬ್ಬಳು ಗಮಕ ಕಲಿಯುತ್ತಾಳೆ, ಒಬ್ಬ ಚಿತ್ರಕಲೆ ಓದುತ್ತಾನೆ, ಇಬ್ಬರಿಗೆ ನಾಟಕದ ಹುಚ್ಚು. ವಿದ್ಯಾರ್ಥಿಗಳ ಕ್ರೈಸ್ತ ಸಂಘಟನೆ ನಮ್ಮ ದೇಶಕ್ಕೆ ಹೊಸದೇನಲ್ಲ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಿಂದ ಇದೆ, ಕ್ಯಾಥೊಲಿಕ್ ವಿದ್ಯಾರ್ಥಿಗಳ ಸಂಘಟನೆ ಐಕಫ್ 1924ರಿಂದ. ನಮ್ಮದು ಅಂಥ ದೊಡ್ಡದಲ್ಲ. ಹಾಡು, ಚಿತ್ರ, ಪದ್ಯ, ನಾಟಕ ಇವೆಲ್ಲ ನಮ್ಮ ನಂಬಿಕೆಗೆ ಏನು ಮಾಡುತ್ತವೆ ಅಂತ ಕೂತು ನೋಡುವ ಬಳಗ ಅಷ್ಟೇ. ಬರೀ ಮಾತಾಡುವುದಲ್ಲ, ಏನಾದರೂ ಮಾಡಲೇಬೇಕು ಅನ್ನೋದು ನಮ್ಮ ನಿಯಮ. ಚಾಪೆಲಿಗೆ ಹೋಗುವ ಶನಿವಾರ ಎಲ್ಲರೂ ಒಂದು ಹಾಳೆ, ಒಂದು ಪೆನ್ಸಿಲ್ ತರಬೇಕು ಅಂತ ಆಯಿತು. ಚಿತ್ರ ಬರೆಯಲು ಬಾರದವರಿಗೂ ವಿನಾಯಿತಿ ಇರಲಿಲ್ಲ.

ಹಂಪನಕಟ್ಟೆಯಿಂದ ಏರು ಹತ್ತಿ ನಡೆದೇ ಹೋದೆವು. ಬೆಳಿಗ್ಗೆಯೇ ಹೋಗಿ. ಮಂಗಳೂರಿನ ಸೆಕೆಯಲ್ಲಿ ಮಧ್ಯಾಹ್ನ ಆ ಏರು ಹತ್ತಿದರೆ ಒಳಗೆ ಕೂತರೂ ಬೆವರು ಆರುವುದಿಲ್ಲ. ಚಾಪೆಲ್ ಸಂತ ಅಲೋಶಿಯಸ್ ಕಾಲೇಜಿನ ಆವರಣದಲ್ಲೇ ಇದೆ. ಅಲ್ಲಿ ಪೂಜೆ, ಮದುವೆ ನಡೆಯುತ್ತಿರುತ್ತವೆ. ಗುಂಪಾಗಿ ಹೋಗುವವರು ಹೊತ್ತು ಮೊದಲೇ ಕೇಳಿಕೊಳ್ಳಿ. ಕೂತು ಚಿತ್ರ ಬರೆಯುತ್ತೇವೆ ಅನ್ನೋದನ್ನೂ ಮೊದಲೇ ಹೇಳಿ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ನಮ್ಮಲ್ಲಿ ಕೆಲವರಿಗೆ ಅದು ಬೇಸರ ಆಯಿತು. ನನಗೆ ಅದೇ ಒಳ್ಳೆಯದು ಅನಿಸಿತು. ಫೋನು ಚೀಲಕ್ಕೆ ಹೋದ ಮೇಲೆ ಕಣ್ಣಿಗೆ ಬೇರೆ ಕೆಲಸ ಇರುವುದಿಲ್ಲ.

ಈಗ ಚಿತ್ರಗಳ ವಿಷಯ. ಕಾಲೇಜು ಶುರುವಾಗಿದ್ದು 1880ರಲ್ಲಿ, ಚಾಪೆಲ್ ಕಟ್ಟಿದ್ದು ಅದಾದ ನಾಲ್ಕೈದು ವರ್ಷಕ್ಕೆ. ಗೋಡೆ ಹಲವು ವರ್ಷ ಸುಮ್ನೆ ಇದ್ದವು. ಆಮೇಲೆ ಇಟಲಿಯ ಬೆರ್ಗಾಮೊ ಕಡೆಯಿಂದ ಆಂತೋನಿಯೊ ಮೊಸ್ಕೇನಿ ಬಂದರು. ಅವರು ಯೇಸುಸಭೆ (ಜೆಸ್ವಿಟ್) ಅನ್ನುವ ಕ್ಯಾಥೊಲಿಕ್ ಸನ್ಯಾಸಿ ಸಂಘದ ಬ್ರದರ್, ಫಾದರ್ ಅಲ್ಲ. ಅಂದರೆ ಅವರು ಪೂಜೆ ಅರ್ಪಿಸುವವರಲ್ಲ, ಚಿತ್ರವೇ ಅವರ ಸೇವೆ. 1899ರಿಂದ ಸುಮಾರು ಎರಡು ವರ್ಷ ಈ ಗೋಡೆ, ಈ ಚಾವಣಿ. ಮುಗಿದ ಮೇಲೆ ಬೇರೆ ಊರುಗಳ ದೇವಾಲಯಗಳಿಗೂ ಬರೆದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೊಂದು ವರ್ಷ. ಊರಿಗೆ ವಾಪಸ್ಸು ಹೋಗಲೇ ಇಲ್ಲ.

ಗೋಡೆಯ ಮೇಲಿರುವುದು ಫ್ರೆಸ್ಕೊ. ಚಾವಣಿಯಲ್ಲಿರುವುದು ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಇವೆರಡರ ವ್ಯತ್ಯಾಸವನ್ನು ನಮ್ಮ ಚಿತ್ರಕಲೆಯ ಹುಡುಗ ಹೊರಗೆ ನಿಂತು ಮೊದಲೇ ಹೇಳಿಕೊಟ್ಟ. ಫ್ರೆಸ್ಕೊ ಅಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚುವುದು. ಗಾರೆ ಒಣಗುತ್ತಾ ಸುಣ್ಣ ಗಾಳಿಯ ಜೊತೆ ಸೇರಿ ಮತ್ತೆ ಕಲ್ಲಾಗುತ್ತದೆ. ಬಣ್ಣ ಅದರೊಳಗೇ ಉಳಿದುಬಿಡುತ್ತದೆ. ಅದಕ್ಕೇ ಅವತ್ತು ಎಷ್ಟು ಬರೆದು ಮುಗಿಸಬಹುದೋ ಅಷ್ಟೇ ಗಾರೆ ಹಚ್ಚಬೇಕು. ತಪ್ಪಾದರೆ ಒರೆಸಲಾಗದು, ಕೆರೆದು ತೆಗೆದು ಹೊಸದಾಗಿ ಶುರು ಮಾಡಬೇಕು.

ಇದನ್ನು ಕೇಳಿ ನನಗೆ ಅಜ್ಜಿ ನೆನಪಾದಳು. ನಮ್ಮದು ಗದಗಿನ ಬೆಟಗೇರಿ. ಬಾಸೆಲ್ ಮಿಷನ್ ಕಾಲದ ಸಭೆ, ನಮ್ಮ ಮನೆಯವರು ನೇಕಾರರು. ನಮ್ಮ ದೇವಾಲಯದ ಗೋಡೆ ಪೂರಾ ಬಿಳಿ. ಎದುರಿಗೆ ಒಂದು ಶಿಲುಬೆ, ಒಂದು ವಾಕ್ಯ, ಅಷ್ಟೇ. ಮಂಗಳೂರಿಗೆ ಬಂದ ಹೊಸತರಲ್ಲಿ ಇಲ್ಲಿನ ಇಗರ್ಜಿಗಳ ಬಗ್ಗೆ ಫೋನಿನಲ್ಲಿ ಹೇಳಿದಾಗ ಅಜ್ಜಿ, "ದೇವರ ಮನಿ ಗ್ವಾಡಿಗೆ ಸುಣ್ಣ ಸಾಕವ್ವಾ" ಅಂದಿದ್ದಳು. ಈ ಗೋಡೆಗೂ ಸುಣ್ಣವೇ ಅಜ್ಜಿ ಅಂತ ಅವಳಿಗೆ ಹೇಳಬೇಕು ಅನಿಸಿತು.

ಒಳಗೆ ಹೋದ ಮೇಲೆ ಮೊದಲ ಅರ್ಧ ತಾಸು ಯಾರೂ ಮಾತಾಡಬಾರದು, ಬರೆಯಬಾರದು. ನೋಡಬೇಕು. ಹತ್ತು ನಿಮಿಷಕ್ಕೇ ಕತ್ತು ನೋಯುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ಬೆನ್ನು ಒರಗಿಸಿಕೊಂಡರೆ ಸ್ವಲ್ಪ ವಾಸಿ. ಚಾವಣಿಯ ನಡುವೆ ಅಲೋಶಿಯಸ್ ಗೊನ್ಜಾಗನ ಬದುಕು ಚಿತ್ರ ಚಿತ್ರವಾಗಿ ಸಾಗುತ್ತದೆ. ಇಟಲಿಯ ದೊಡ್ಡ ಮನೆತನದ ಹುಡುಗ. ಆಸ್ತಿ ಬಿಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಪ್ಲೇಗು ಬಂದಾಗ ರೋಗಿಗಳ ಸೇವೆಗೆ ಹೋದ, ಅದೇ ಕಾಯಿಲೆ ಅಂಟಿಸಿಕೊಂಡು 1591ರಲ್ಲಿ ತೀರಿಕೊಂಡ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ನನಗೂ ಈಗ ಇಪ್ಪತ್ತಮೂರು. ಆ ಲೆಕ್ಕ ತಲೆಗೆ ಬಂದ ಮೇಲೆ ಸ್ವಲ್ಪ ಹೊತ್ತು ನನಗೆ ಬೇರೆ ಯಾವ ಚಿತ್ರವನ್ನೂ ನೋಡಲಾಗಲಿಲ್ಲ.

ಬರೆಯಲು ನಾನು ಆರಿಸಿಕೊಂಡದ್ದು ಮುಖವನ್ನಲ್ಲ. ಚಾವಣಿಯ ಇಳಿಜಾರಿನಲ್ಲಿ ಅಪೊಸ್ತಲರು ಸಾಲಾಗಿದ್ದಾರೆ. ಅವರಲ್ಲಿ ಒಬ್ಬರ ನಿಲುವಂಗಿಯ ಮಡಿಕೆ, ಮೊಣಕಾಲಿನ ಹತ್ತಿರದ್ದು. ಬಟ್ಟೆ ನನಗೆ ಗೊತ್ತು. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಕಂಡಿಕೆ ಸುತ್ತುತ್ತಿದ್ದೆ. ತೆಳು ಹತ್ತಿ ಬಟ್ಟೆ ಸಣ್ಣ ಸಣ್ಣ ಮಡಿಕೆಯಾಗಿ ಬೀಳುತ್ತದೆ. ರೇಷ್ಮೆಯ ಮಡಿಕೆಗೆ ಅಂಚು ಚೂಪು, ಮಿಂಚು ಅಂಚಿನ ಮೇಲೇ ಕೂರುತ್ತದೆ. ಇಲ್ಲಿದ್ದದ್ದು ಅಗಲ ಮಡಿಕೆ, ದುಂಡನೆಯ ಅಂಚು, ಒಳಗೆ ನಿಧಾನವಾಗಿ ಕಪ್ಪಾಗುವ ನೆರಳು. ಉಣ್ಣೆ ಇರಬೇಕು ಅಂದುಕೊಂಡೆ. ಒಂದೇ ಮಡಿಕೆಗೆ ಮುಕ್ಕಾಲು ತಾಸು ಹಿಡಿಯಿತು. ದೂರದಿಂದ ಒಂದೇ ಬಣ್ಣ ಅನಿಸಿದ್ದ ಕಡೆ ನಾಲ್ಕೈದು ಬಣ್ಣ ಕಂಡವು. ಅದನ್ನೂ ಬರೆದದ್ದು ಕ್ಯಾನ್ವಾಸಿನ ಮೇಲೆ, ಅಂದರೆ ಯಾರೋ ನೇಯ್ದ ಬಟ್ಟೆಯ ಮೇಲೆ. ಬಟ್ಟೆಯ ಮೇಲೆ ಬಟ್ಟೆ. ಆ ಹಾಸು ಹೊಕ್ಕು ಯಾವ ಮಗ್ಗದ್ದೋ, ನೇಯ್ದವರು ಯಾರೋ. ಅವರಿಗಾಗಿ ಅಲ್ಲೇ ಕೂತು ಪ್ರಾರ್ಥನೆ ಮಾಡಿದೆ. ಪ್ರಾರ್ಥನೆಗೆ ನಾನು ಕಣ್ಣು ಮುಚ್ಚದೇ ಇದ್ದದ್ದು ಅದೇ ಮೊದಲು.

ಹೊರಗೆ ಬಂದು ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ, ಚಾ ತಗೊಂಡೆವು. ಮಾತು ಬಿಸಿಯಾಯಿತು. ನಮ್ಮ ಸಭೆಯ ಹುಡುಗನೊಬ್ಬ, "ಇಷ್ಟೆಲ್ಲ ಚಿತ್ರ ಇದ್ದರೆ ಮನಸ್ಸು ನಿಲ್ಲೋದು ಹೇಗೆ? ನನ್ನ ಕಣ್ಣು ಎಲ್ಲೆಲ್ಲೋ ಓಡ್ತಿತ್ತು" ಅಂದ. ಬಳಗದ ಹಿರಿಯಳಾದ ಅಕ್ಕ ಒಬ್ಬಳು, ಕ್ಯಾಥೊಲಿಕ್ ಮನೆಯವಳು, "ನಂಗೆ ಓದೋಕೆ ಬರೋ ಮುಂಚೆ ಪೂಜೆಯಲ್ಲಿ ಅರ್ಥ ಆಗ್ತಿದ್ದದ್ದು ಚಿತ್ರ ಮಾತ್ರ ಮಾರಾಯ" ಅಂದಳು. ಇಬ್ಬರೂ ಸೋಲಲಿಲ್ಲ. ನನಗೆ ಇಬ್ಬರ ಮಾತೂ ನಿಜ ಅನಿಸಿತು. ನಮ್ಮ ಬಿಳಿ ಗೋಡೆಯನ್ನು ನಾನು ಬಿಟ್ಟುಕೊಡುವುದಿಲ್ಲ. ಅಲ್ಲಿ ಹಾಡು ಕೇಳುವಷ್ಟು ಚೆನ್ನಾಗಿ ಬೇರೆಲ್ಲೂ ಕೇಳುವುದಿಲ್ಲ. ಆದರೆ ಚಿತ್ರ ಮನಸ್ಸನ್ನು ಕೆಡಿಸುತ್ತದೆ ಅನ್ನೋದನ್ನು ಇನ್ನು ಮೇಲೆ ಒಪ್ಪಲಾರೆ. ಕಣ್ಣು ಓಡುವುದು ಎಲ್ಲವನ್ನೂ ನೋಡಲು ಹೋದಾಗ. ಒಂದೇ ಕಡೆ ಕೂತರೆ ಅದೂ ಕೂರುತ್ತದೆ.

ನನಗೆ ಕಡಿಮೆ ಅನಿಸಿದ್ದು ಒಂದಿದೆ. ನಾನು ಕೂತಲ್ಲಿಂದ ಕಂಡ ಮುಖಗಳೆಲ್ಲ ಯುರೋಪಿನವು. ಮೊಸ್ಕೇನಿ ತನಗೆ ಗೊತ್ತಿದ್ದ ಮುಖಗಳನ್ನು ಬರೆದರು, ಅದು ತಪ್ಪಲ್ಲ. ಆದರೂ ಈ ನೆಲದ ಒಂದು ಮುಖಕ್ಕಾಗಿ ನನ್ನ ಕಣ್ಣು ಹುಡುಕುತ್ತಲೇ ಇತ್ತು. ಈ ಮಾತು ಬಂದಾಗ ಗಮಕದ ಹುಡುಗಿ ಕಿಟೆಲ್ ಅವರ ಹೆಸರು ತೆಗೆದಳು. ನಿಘಂಟಿನ ಕಿಟೆಲ್ ಅಂತಲೇ ನಮಗೆಲ್ಲ ಗೊತ್ತು. ಅದು ಬಂದದ್ದು 1894ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ' ಅಂತ ಬರೆದರು. ಮೊಸ್ಕೇನಿ ತಮ್ಮೂರಿನ ಕಲೆಯನ್ನು ಇಲ್ಲಿಗೆ ತಂದರು. ಕಿಟೆಲ್ ಇಲ್ಲಿನ ಕಲೆಯನ್ನು ಕಲಿತು ಅದರಲ್ಲೇ ಹೇಳಿದರು. ಇಬ್ಬರೂ ಹೊರಗಿನಿಂದ ಬಂದವರೇ. ನನ್ನ ಮನಸ್ಸು ಕಿಟೆಲ್ ಕಡೆಗೇ ವಾಲುತ್ತದೆ. ಮುಂದಿನ ತಿಂಗಳು 'ಕಥಾಮಾಲೆ'ಯ ಕೆಲವು ಪದ್ಯಗಳನ್ನು ಗಮಕದ ಹುಡುಗಿ ರಾಗದಲ್ಲಿ ಓದುತ್ತಾಳೆ. ಅದಾದ ಮೇಲೆ ಬೆಂಗಳೂರಿನ ಹತ್ತಿರ ಸಿಲ್ವೆಪುರದಲ್ಲಿದ್ದುಕೊಂಡು ಕ್ರಿಸ್ತನನ್ನು ಈ ನೆಲದ ರೂಪದಲ್ಲಿ ಬರೆದ ಜ್ಯೋತಿ ಸಾಹಿ ಅವರ ಚಿತ್ರಗಳನ್ನು ನೋಡುವ ಯೋಚನೆ ಇದೆ.

ಚಾಪೆಲ್ ಬಗ್ಗೆ ಇನ್ನೊಂದು ಮಾತು. ಕರಾವಳಿಯ ಮಳೆ, ತೇವದಲ್ಲಿ ಇಂಥ ಗೋಡೆ ಉಳಿಸಿಕೊಳ್ಳುವುದು ಸಣ್ಣ ಕೆಲಸ ಅಲ್ಲ. 1990ರ ದಶಕದಲ್ಲಿ, ಹಳೆಯ ಕಟ್ಟಡ, ಕಲೆಗಳನ್ನು ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ಈ ಚಿತ್ರಗಳನ್ನು ದುರಸ್ತಿ ಮಾಡಿದರು. ದಯವಿಟ್ಟು ಗೋಡೆ ಮುಟ್ಟಬೇಡಿ, ಒರಗಬೇಡಿ. ಮಕ್ಕಳಿಗೂ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಯಾರು ಹೋಗಬೇಕು ಅಂತ ಕೇಳಿದರೆ, ಎರಡು ತಾಸು ಬಿಡುವು ಇರುವ ಯಾರಾದರೂ. ಕ್ರೈಸ್ತರೇ ಆಗಬೇಕಿಲ್ಲ. ವಿದ್ಯಾರ್ಥಿ ಬಳಗಗಳು, ಸಂಡೇ ಸ್ಕೂಲಿನವರು ಖಂಡಿತ ಹೋಗಬೇಕು. ಹದಿನೈದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಬೇಡ, ಪಿಸುಮಾತೂ ಅಲ್ಲಿ ದೊಡ್ಡದಾಗಿ ಕೇಳುತ್ತದೆ. ಅಲೋಶಿಯಸ್ ಯಾರು ಅಂತ ಹಿಂದಿನ ದಿನವೇ ಓದಿಕೊಂಡು ಹೋಗಿ. ನಾವು ಮಾಡಿದ ತಪ್ಪೆಂದರೆ ಬರೆಯಲು ರಟ್ಟು ತಾರದೇ ಹೋದದ್ದು. ತೊಡೆಯ ಮೇಲೆ ಹಾಳೆ ಇಟ್ಟು ಬರೆದರೆ ಪೆನ್ಸಿಲ್ ಚುಚ್ಚುತ್ತದೆ.

ಹೋದ ವಾರ ಊರಿಗೆ ಹೋದಾಗ ಆ ಹಾಳೆ ಅಜ್ಜಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹೋದಳು. ಇದು ಯಾರು, ಎಲ್ಲಿಯದು ಅಂತ ಕೇಳಲಿಲ್ಲ. ಮಡಿಕೆಯ ಗುಂಟ ಬೆರಳು ಆಡಿಸುತ್ತಾ, "ಉಣ್ಣಿ ಅಲ್ಲೇನು?" ಅಂದಳು. ಹೌದು ಅಂದೆ. ಮತ್ತೆ ಬೆರಳು ಮೊಣಕಾಲಿನ ಕೆಳಗೆ ಒಂದು ಕಡೆ ನಿಂತಿತು. "ಇಲ್ಲಿ ತಪ್ಪೈತಿ. ಇಷ್ಟು ದಪ್ಪ ಬಟ್ಟಿ ಇಲ್ಲಿ ಹಿಂಗ ಮುರಿಯೂದಿಲ್ಲ. ನೀ ತಪ್ಪಿದ್ಯೋ, ಅಂವ ತಪ್ಪಿದ್ನೋ?"

ಅದನ್ನು ನೋಡಿಕೊಂಡು ಬರಲು ಈ ಶನಿವಾರ ಮತ್ತೆ ಗುಡ್ಡ ಹತ್ತುತ್ತಿದ್ದೇನೆ. ಈ ಸಲ ರಟ್ಟು ತಗೊಂಡು.