ಶಿವಮೊಗ್ಗದ ಮನೆಯಲ್ಲಿ ರಿಮ್‌ಲೆಸ್ ರೀಫ್ ಟ್ಯಾಂಕ್: ಎರಡು ವರ್ಷ ಬಳಸಿದ ಮೇಲೆ

ನಮ್ಮ ಹಾಲ್‌ನಲ್ಲಿ ಇರುವುದು 60×45×45 ಸೆಂ.ಮೀ. ಅಳತೆಯ ರಿಮ್‌ಲೆಸ್ ರೀಫ್ ಟ್ಯಾಂಕ್, ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ. ಗಾಜು 10 ಮಿ.ಮೀ., ಗಾತ್ರ ಸುಮಾರು 120 ಲೀಟರ್. ಮೇಲೆ ಪಟ್ಟಿ ಇಲ್ಲ, ಮುಚ್ಚಳವೂ ಇಲ್ಲ. ಅಳತೆ ಕೊಟ್ಟು ಮಾಡಿಸಿದ್ದು. ಎರಡು ವರ್ಷ ದಾಟಿದೆ, ಒಂದು ಜಾಯಿಂಟೂ ಸೋರಿಲ್ಲ. ಮಲೆನಾಡಿನಲ್ಲಿ ಉಪ್ಪುನೀರಿನ ರೀಫ್ ನಡೆಯುತ್ತಾ ಎಂದು ಕೇಳುವವರಿಗೆ ನನ್ನ ಉತ್ತರ: ಚೆನ್ನಾಗಿಯೇ ನಡೆಯುತ್ತದೆ. ಆದರೆ ಲೈಟಿಗೆ ದುಡ್ಡು ಸುರಿಯುವ ಮೊದಲು ನೀರು ತಾನಾಗಿ ತುಂಬಿಸುವ ಆಟೋ ಟಾಪ್-ಆಫ್ ಮತ್ತು ಇನ್ವರ್ಟರ್ ತೆಗೆದುಕೊಳ್ಳಿ.

ಕಾರಣ ಹೇಳುತ್ತೇನೆ. ತೆರೆದ ಟ್ಯಾಂಕಿನಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಏಪ್ರಿಲ್ ಬಿಸಿಲಿಗೆ ಫ್ಯಾನ್ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ 2 ಲೀಟರ್ ಹೋಗುತ್ತದೆ. ಮೂರು ದಿನ ನೀರು ತುಂಬಿಸದೆ ಬಿಟ್ಟರೆ 35 ಪಿಪಿಟಿ (ಸಾವಿರಕ್ಕೆ 35 ಪಾಲು) ಇದ್ದ ಉಪ್ಪಿನಂಶ 37ರ ಹತ್ತಿರ ಬರುತ್ತದೆ. ಹವಳಕ್ಕೆ ಈ ಏರಿಳಿತ ಆಗಿಬರುವುದಿಲ್ಲ. ಆಟೋ ಟಾಪ್-ಆಫ್‌ನಲ್ಲಿ ಒಂದು ಸೆನ್ಸರ್, ಒಂದು ಸಣ್ಣ ಪಂಪ್ ಇರುತ್ತದೆ. ಮಟ್ಟ ಇಳಿದ ಕೂಡಲೇ ಪಕ್ಕದ ಕ್ಯಾನಿನಿಂದ ಸಿಹಿನೀರು ಹರಿಸುತ್ತದೆ. ಜುಲೈನಲ್ಲಿ ಇದಕ್ಕೆ ಕೆಲಸ ತುಂಬಾ ಕಡಿಮೆ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ನೀರು ಎಲ್ಲಿಗೆ ಹೋಗಬೇಕು?

ಇದೇ ಆವಿಯಾಗುವ ಗುಣದಿಂದ ಬೇಸಿಗೆಯಲ್ಲಿ ದೊಡ್ಡ ಲಾಭವಿದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಡಿಗ್ರಿಯಾದರೂ ತಂಪಾಗುತ್ತದೆ. ನೀರು ತಂಪು ಮಾಡುವ ಚಿಲ್ಲರ್ ನಾನು ಕೊಳ್ಳಲೇ ಇಲ್ಲ. ಮಳೆಗಾಲದಲ್ಲಿ ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ, ಆಗ ಅದು ಬೇಕಾಗುವುದೂ ಇಲ್ಲ. ಡಿಸೆಂಬರ್, ಜನವರಿ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು. 25ರಿಂದ 27 ಡಿಗ್ರಿ ಒಳಗೆ ಇಟ್ಟುಕೊಂಡಿದ್ದೇನೆ.

ಇನ್ನು ಕರೆಂಟ್. ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಎಷ್ಟು ಹೊತ್ತಿಗೆ ಬರುತ್ತದೋ ಗೊತ್ತಾಗುವುದಿಲ್ಲ ಅಲ್ವಾ? ನೀರಿನ ಓಡಾಟ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಹಾಗಾಗಿ ಇನ್ವರ್ಟರ್ ಲೈನಿಗೆ ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ವೇವ್‌ಮೇಕರ್ ಮತ್ತು ಫಿಲ್ಟರಿನಿಂದ ನೀರನ್ನು ವಾಪಸ್ ಟ್ಯಾಂಕಿಗೆ ತರುವ ರಿಟರ್ನ್ ಪಂಪ್ ಮಾತ್ರ ಕೊಟ್ಟಿದ್ದೇನೆ. ಹೀಟರ್, ಲೈಟ್ ಹಾಕಿದರೆ ಬ್ಯಾಟರಿ ಬೇಗ ಖಾಲಿ. ಲೈಟ್ ಒಂದು ದಿನ ಇಲ್ಲದಿದ್ದರೆ ಹವಳಕ್ಕೆ ಏನೂ ಆಗುವುದಿಲ್ಲ.

ಕಲ್ಲು ಜೋಡಿಸುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ರಿಮ್‌ಲೆಸ್ ಟ್ಯಾಂಕನ್ನು ಮೂರು ಕಡೆಯಿಂದಲೂ, ಮೇಲಿನಿಂದಲೂ ನೋಡುತ್ತೇವೆ. ಹಿಂದಿನ ಗಾಜಿಗೆ ಒರಗಿಸಿ ಕಲ್ಲು ಪೇರಿಸಿಟ್ಟರೆ ಅದರ ಅಂದವೇ ಹೋಯಿತು. ನಾನು ಎರಡು ಗುಡ್ಡ ಮಾಡಿದ್ದೇನೆ. ಎಡಕ್ಕೆ ದೊಡ್ಡದು, ಬಲಕ್ಕೆ ಸಣ್ಣದು, ನಡುವೆ ಹಿಂದಕ್ಕೆ ಹೋಗುತ್ತಾ ಕಿರಿದಾಗುವ ಮರಳಿನ ದಾರಿ. ಆ ದಾರಿಯಿಂದಲೇ ಎರಡಡಿ ಟ್ಯಾಂಕಿಗೆ ಆಳ ಬಂದಿದೆ. ದೊಡ್ಡ ಗುಡ್ಡದ ತುದಿಯೂ ನೀರಿನ ಎತ್ತರದ ಮೂರರಲ್ಲಿ ಎರಡು ಪಾಲು ದಾಟುವುದಿಲ್ಲ, ಹವಳ ಬೆಳೆದ ಮೇಲೆ ಅದಕ್ಕೂ ಜಾಗ ಬೇಕಲ್ಲ. ಸುತ್ತಲೂ ಗಾಜಿನಿಂದ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಗಾಜು ಉಜ್ಜುವ ಮ್ಯಾಗ್ನೆಟ್ ಕ್ಲೀನರ್ ಸಲೀಸಾಗಿ ತಿರುಗುತ್ತದೆ, ನೀರೂ ಕಲ್ಲಿನ ಹಿಂದೆ ಸುತ್ತಿ ಬರುತ್ತದೆ.

ಮೊದಲು ಟ್ಯಾಂಕಿನ ತಳದ ಅಳತೆಗೆ ಒಂದು ರಟ್ಟು ಕತ್ತರಿಸಿ, ಅದರ ಮೇಲೆ ಹೊರಗಡೆಯೇ ಜೋಡಿಸಿ ನೋಡಿ. ಕೆಲವು ದಿನ ಹಾಗೇ ಬಿಡಿ. ಹೋಗುತ್ತಾ ಬರುತ್ತಾ ನೋಡಿದಾಗ ಎಲ್ಲಿ ಸರಿಯಿಲ್ಲ ಎಂದು ಕಣ್ಣಿಗೆ ತಾನಾಗಿ ಬೀಳುತ್ತದೆ. ಆಮೇಲೆ ಸೂಪರ್ ಗ್ಲೂ ಜೆಲ್ ಮತ್ತು ರೀಫ್ ಸಿಮೆಂಟ್ ಎರಡನ್ನೂ ಬಳಸಿ ಕೂಡಿಸಿ. ಜೆಲ್ ತಕ್ಷಣ ಹಿಡಿಯುತ್ತದೆ, ಸಿಮೆಂಟ್ ಭಾರ ಹೊರುತ್ತದೆ. ಕಲ್ಲು ತಳದ ಗಾಜಿನ ಮೇಲೇ ಕೂರಬೇಕು, ಮರಳು ನಂತರ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನು, ಪಿಸ್ತೂಲು ಸಿಗಡಿಗಳು ಕೆಳಗೆ ತೋಡಿ ಗುಡ್ಡವನ್ನೇ ಉರುಳಿಸಬಹುದು.

ಇಲ್ಲಿನ ಕಲ್ಲನ್ನೇ ಹಾಕಬಹುದಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಬೇಡ. ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಅಂಶ ಜಾಸ್ತಿ. ತುಂಗೆಯ ಉರುಟು ಕಲ್ಲು ನೋಡಲು ಚೆಂದ, ಆದರೆ ಗಟ್ಟಿ. ಬ್ಯಾಕ್ಟೀರಿಯಾ ಮನೆ ಮಾಡಲು ರಂಧ್ರಗಳೇ ಇಲ್ಲ. ರೀಫ್‌ನಲ್ಲಿ ಕಲ್ಲೇ ಮುಖ್ಯ ಫಿಲ್ಟರ್. ಒಣ ಅರಗೊನೈಟ್ (ಸುಣ್ಣದ ಖನಿಜ) ಕಲ್ಲು, ಅರಗೊನೈಟ್ ಮರಳು ತರಿಸಿಕೊಳ್ಳಿ. ಒಣ ಕಲ್ಲಾದ್ದರಿಂದ ಬ್ಯಾಕ್ಟೀರಿಯಾ ಬೆಳೆದು, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಡುವೆ ಕಂದು ಪಾಚಿ ಬಂದು ಹೋಗುತ್ತದೆ, ಹೆದರಬೇಡಿ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ತುಂಗಾ ಪಾನ, ಗಂಗಾ ಸ್ನಾನ ಅಂತ ಸುಮ್ನೆ ಹೇಳಿಲ್ಲ. ನೀರು ಮೆದುವಾಗಿರುವುದರಿಂದ ಶುದ್ಧೀಕರಣ ಯಂತ್ರದ ಆರ್‌ಒ ಮೆಂಬ್ರೇನ್, ಉಳಿದ ಲವಣ ಹೀರುವ ಡಿಐ ರೆಸಿನ್ ಎರಡೂ ತುಂಬಾ ದಿನ ಬಾಳುತ್ತವೆ. ಆದರೂ ನಲ್ಲಿ ನೀರು ನೇರವಾಗಿ ಹಾಕುವಂತಿಲ್ಲ, ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ತೋರಿಸಬೇಕು. ಹೊನ್ನಾವರ, ಮುರುಡೇಶ್ವರದ ಕಡೆಯಿಂದ ಸಮುದ್ರದ ನೀರೇ ತರುವ ಯೋಚನೆಯೂ ಬೇಡ. ಮಳೆಗಾಲದಲ್ಲಿ ಶರಾವತಿಯಂಥ ಹೊಳೆಗಳು ಬಂದು ಸೇರಿ ದಡದ ನೀರಿನ ಉಪ್ಪೇ ಇಳಿದಿರುತ್ತದೆ. ವಾರಕ್ಕೊಮ್ಮೆ 12 ಲೀಟರ್ ಬದಲಾಯಿಸಲು ಆ ಶುದ್ಧ ನೀರಿಗೆ ಸುಮಾರು 450 ಗ್ರಾಂ ರೀಫ್ ಸಾಲ್ಟ್ ಬೆರೆಸಿದರೆ ಸಾಕು.

ಟ್ಯಾಂಕಿನ ದೂರುಗಳೂ ಇವೆ. ಅಂಚಿನಲ್ಲಿ, ವೈರಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇರಬೇಕು. ಲೈಟ್ ಸ್ಟ್ಯಾಂಡಿನ ಜೊತೆ ಕೊಟ್ಟ ಸ್ಕ್ರೂಗಳು ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದವು. ಮಾರಿದವರು ಬದಲಿಸಿ ಕೊಡಲಿಲ್ಲ, ನೈಲಾನ್ ಸ್ಕ್ರೂ ಹಾಕಿಕೊಂಡೆ. ಎಲ್ಲ ಸೇರಿ 170 ಕಿಲೋ ದಾಟುವುದರಿಂದ ಸ್ಟ್ಯಾಂಡ್ ಗಟ್ಟಿಯಿರಬೇಕು. ಕಬ್ಬಿಣ ಬಿಟ್ಟು ಹಲಸಿನ ಮರದಲ್ಲಿ ಮಾಡಿಸಿದೆ, ಥಂಡಿಗೆ ಒಂದಿಷ್ಟೂ ಅಲುಗಿಲ್ಲ. ಫೈರ್‌ಫಿಶ್, ರಾಸ್ ಜಾತಿಯ ಮೀನು ಹಾರುತ್ತವೆ. ಅವನ್ನು ಸಾಕುವುದಾದರೆ ಮೇಲೆ ಬಲೆ ಬೇಕು. ಖರ್ಚು? ಒಂದು ಹೊಸ ಸ್ಕೂಟರಿನಷ್ಟು ಆಗುತ್ತದೆ.

ಹವಳದ ವಿಷಯ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡಿ ಕಣ್ತುಂಬ ನೋಡಿ ಬನ್ನಿ, ಒಂದು ಚೂರೂ ಕೀಳಬೇಡಿ. ಕಾಗದಪತ್ರ ಇಲ್ಲದೆ ಮಾರುವವರಿಂದ ಕೊಳ್ಳಲೂ ಬೇಡಿ. ನಾನು ಮೆದು ಹವಳ ಮಾತ್ರ ಇಟ್ಟಿದ್ದೇನೆ: ಮಶ್ರೂಮ್, ಲೆದರ್, ಝೊಆಂತಿಡ್. ಝೊಆಂತಿಡ್‌ಗಳಲ್ಲಿ ಕೆಲವಕ್ಕೆ ಕಡು ವಿಷ ಇರುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಆ ಕಲ್ಲನ್ನು ಯಾವತ್ತೂ ಬಿಸಿನೀರಿಗೆ ಹಾಕಬೇಡಿ. ಮೀನುಗಳಲ್ಲಿ ಒಂದು ಜೋಡಿ ಕ್ಲೌನ್‌ಫಿಶ್, ಹ್ಯಾಚರಿಯಲ್ಲಿ ಹುಟ್ಟಿದವು. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಇವುಗಳ ಮರಿ ಮಾಡುವ ವಿಧಾನ ರೂಢಿಸಿದ್ದಾರೆ. ಸಮುದ್ರದಿಂದ ಹಿಡಿದ ಮೀನಿಗಿಂತ ಇವು ಬೇಗ ಆಹಾರಕ್ಕೆ ಒಗ್ಗುತ್ತವೆ.

ಮುಂದೆ ದೊಡ್ಡದು ಮಾಡಿಸಿದರೂ ರಿಮ್‌ಲೆಸ್ಸೇ ಮಾಡಿಸುತ್ತೇನೆ. ಉದ್ದ 90 ಸೆಂ.ಮೀ. ಆಗಲಿ, ಎತ್ತರ ಮಾತ್ರ 45 ದಾಟಿಸುವುದಿಲ್ಲ. ಬಿದ್ದ ಹವಳ ಎತ್ತಿ ಇಡಲು ಕೈ ತಳಕ್ಕೆ ಮುಟ್ಟಬೇಕು.