ಹತ್ತು ವರ್ಷ ಗ್ಯಾರಂಟಿ ಅಂದ ಲೈಟ್ ಫಿಲ್ಲಿಂಗ್ ಕಡುಬಿಗೆ ಮುರೀತು: ಶಿವಮೊಗ್ಗ ಕಡೆಯೋರು ಓದಿ

ಹಲ್ಲಿಗೆ ಲೈಟ್ ಬಿಟ್ಟು ಗಟ್ಟಿ ಮಾಡೋ ಬಿಳಿ ಸಿಮೆಂಟ್ ತುಂಬಿಸ್ಕೊಳ್ಳೋಕೆ ಶಿವಮೊಗ್ಗಕ್ಕೆ ಹೊರಟೋರು ಯಾರಾದ್ರೂ ಇದ್ರೆ ಇದನ್ನ ಓದ್ಕೊಂಡು ಬಸ್ ಹತ್ತಿ. ಕ್ಲಿನಿಕ್ ಹೆಸರು ಹಾಕಲ್ಲ, "ಸುಮ್ನೆ ಹೆಸರು ಹಾಳು ಮಾಡಿದ್ರೆ ನಾವೂ ಲಾಯರ್ ಇಟ್ಟಿದೀವಿ" ಅಂತ ಆಗ್ಲೇ ಹೇಳಿಸ್ಕೊಂಡು ಬಂದಿದೀನಿ. ಗಾಜಿನ ಬಾಗಿಲು, ಏಸಿ, ಗೋಡೆ ತುಂಬ ನಗೋ ಬಾಯಿಗಳ ಫೋಟೋ. ಅಂಥವು ಊರಲ್ಲಿ ಬೇಕಾದಷ್ಟಿವೆ, ಯಾವುದು ಅಂತ ಹುಡುಕೋಕೆ ಹೋಗ್ಬೇಡಿ. ಅಲ್ಲಿ ನಡೆದದ್ದು ಏನು ಅಂತ ಮಾತ್ರ ಕೇಳಿ.

ನನ್ನ ಕೆಳಗಿನ ದವಡೆ ಹಲ್ಲಲ್ಲಿ ಹಳೇ ಬೆಳ್ಳಿ ಸಿಮೆಂಟ್ ಇತ್ತು. ಕಾಲೇಜಿಗೆ ಹೋಗ್ತಿದ್ದಾಗ ತೀರ್ಥಹಳ್ಳಿಯಲ್ಲಿ ತುಂಬಿಸಿದ್ದು. ಕಪ್ಪಗಾಗಿತ್ತು, ನಕ್ಕರೆ ಸ್ವಲ್ಪ ಕಾಣ್ತಿತ್ತು, ಅಷ್ಟೇ. ನೋವಿಲ್ಲ, ಜುಮ್ ಅನ್ನೋದಿಲ್ಲ, ಏನಿಲ್ಲ. ನಾನು ಹೋಗಿದ್ದೇ ಹಲ್ಲು ಕ್ಲೀನ್ ಮಾಡಿಸೋಕೆ. ಮಲಗಿಸಿ, ಬಾಯೊಳಗೆ ಕ್ಯಾಮೆರಾ ಇಟ್ಟು, ಎದುರಿನ ಟೀವಿಯಲ್ಲಿ ನನ್ನ ಹಲ್ಲನ್ನ ತೆಂಗಿನಕಾಯಿ ಗಾತ್ರಕ್ಕೆ ತೋರಿಸಿದ್ರು. ಅಷ್ಟು ದೊಡ್ಡದು ಮಾಡಿ ತೋರಿಸಿದ್ರೆ ಯಾರ ಹಲ್ಲಾದ್ರೂ ಅಸಹ್ಯವಾಗೇ ಕಾಣುತ್ತೆ ಮಾರಾಯ್ರೆ.

"ಮೇಡಂ, ಇದರಲ್ಲಿ ಪಾದರಸ ಇದೆ. ಯುರೋಪಲ್ಲಿ ಬ್ಯಾನ್ ಆಗಿದೆ. ನೀವು ಇನ್ನೂ ಬಾಯಲ್ಲಿ ಇಟ್ಕೊಂಡಿದೀರಲ್ಲ!"

ಪಾದರಸ ಅಂದ್ರೆ ಯಾರಿಗೆ ಭಯ ಆಗಲ್ಲ ಹೇಳಿ. ಪೂರ್ತಿ ವಿಷಯ ಗೊತ್ತಾಗಿದ್ದು ಆಮೇಲೆ. ಆ ಸಿಮೆಂಟಿನಲ್ಲಿ ಸುಮಾರು ಅರ್ಧದಷ್ಟು ಪಾದರಸ ಇರೋದು ನಿಜ, ಯುರೋಪ್ ಒಕ್ಕೂಟದಲ್ಲಿ 2025ರ ಜನವರಿಯಿಂದ ಅದನ್ನ ಹೊಸದಾಗಿ ತುಂಬೋದು ಬಹುತೇಕ ನಿಂತಿದ್ದೂ ನಿಜ. ಆದ್ರೆ ಅದು ಹೆಚ್ಚಾಗಿ ಪಾದರಸ ನೀರಿಗೆ, ಮಣ್ಣಿಗೆ ಸೇರಬಾರದು ಅಂತ. ಪಾದರಸದ ಬಳಕೆ ಕಮ್ಮಿ ಮಾಡೋಕೆ ದೇಶದೇಶಗಳು ಸೇರಿ ಮಾಡ್ಕೊಂಡ 2013ರ ಮಿನಮಾಟಾ ಒಪ್ಪಂದದ ಮುಂದುವರಿಕೆ ಅದು. ಬಾಯಲ್ಲಿ ಗಟ್ಟಿಯಾಗಿ ಕೂತಿರೋದನ್ನ ಕಿತ್ತು ತೆಗೀರಿ ಅಂತ ಅಲ್ಲ. ಅಮೆರಿಕದಲ್ಲಿ ಆಹಾರ, ಔಷಧಿ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿದ್ದೂ, ಚೆನ್ನಾಗಿರೋ ಹಳೇ ಫಿಲ್ಲಿಂಗನ್ನ ವೈದ್ಯಕೀಯ ಕಾರಣ ಇಲ್ದೆ ತೆಗೀಬೇಡಿ ಅಂತಲೇ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳೋದಂತೆ! ನನಗೆ ಹೇಳಿದ್ದು ಬ್ಯಾನ್ ಅನ್ನೋ ಒಂದೇ ಪದ.

"ಇಂಪೋರ್ಟೆಡ್ ನ್ಯಾನೋ ಮೆಟೀರಿಯಲ್ ಹಾಕ್ತೀವಿ, ಹತ್ತು ವರ್ಷ ಗ್ಯಾರಂಟಿ, ಕಾರ್ಡ್ ಕೊಡ್ತೀವಿ." ಮೂರು ಸಾವಿರದ ಇನ್ನೂರು ರೂಪಾಯಿ. ಹ್ಞೂಂ ಅಂದೆ.

ಈಗ ಅವತ್ತು ಮಾಡಿದ್ದನ್ನ ಹೇಳ್ತೀನಿ, ಯಾಕಂದ್ರೆ ಮೋಸ ಇರೋದು ಇಲ್ಲೇ. ಗಟ್ಟಿ ಇದ್ದ ಹಳೇದನ್ನ ಕೊರೆದು ತೆಗೆದ್ರು. ನಾಲಿಗೆ ಪಕ್ಕ ಒಂದು ಹತ್ತಿ ಉಂಡೆ ಇಟ್ಟಿದ್ರು, ಅದು ನೆನೆದು ಮುದ್ದೆಯಾದ್ರೂ ಬದಲಾಯಿಸ್ಲಿಲ್ಲ. ಎಂಜಲು ಹಲ್ಲಿನ ಸುತ್ತ ತುಂಬಿದ್ದು ನನಗೇ ಗೊತ್ತಾಗ್ತಿತ್ತು. ನೀಲಿ ಬಣ್ಣದ್ದೇನೋ ಹಚ್ಚಿ ತೊಳೆದ್ರು, ಇನ್ನೇನೋ ಸವರಿದ್ರು, ಅಷ್ಟರಲ್ಲಿ ಡಾಕ್ಟರ್ ಫೋನ್ ಬಂತು, ಕಿವಿಗಿಟ್ಕೊಂಡೇ ಸಿಮೆಂಟ್ ಮುದ್ದೆ ಒಂದೇ ಸಲಕ್ಕೆ ಒತ್ತಿ ತುಂಬಿದ್ರು. ಲೈಟ್ ಹಿಡಿದಿದ್ದು ಅಸಿಸ್ಟೆಂಟ್ ಹುಡುಗಿ. ಆ ಲೈಟನ್ನ ಬರಿಗಣ್ಣಲ್ಲಿ ನೋಡಬಾರದು, ಅದಕ್ಕೇ ಕಿತ್ತಳೆ ಬಣ್ಣದ ಗಾಜು ಇರುತ್ತೆ. ಅಲ್ಲಿ ಅದೂ ಇರಲಿಲ್ಲ, ಪಾಪ ಅವಳು ಮುಖ ಆಚೆ ತಿರುಗಿಸಿ ಹಿಡಿದಿದ್ಲು. ಲೈಟ್ ಹಲ್ಲಿನ ಮೇಲಿತ್ತೋ ಕೆನ್ನೆ ಮೇಲಿತ್ತೋ ದೇವರಿಗೇ ಗೊತ್ತು. ಬೀಪ್ ಅಂತು, ಮುಗೀತು. ಕಚ್ಚಿ ನೋಡೋಕೆ ಬಣ್ಣದ ಕಾಗದ ಕೊಟ್ರು, ಒಂದು ಸಲ ಉಜ್ಜಿದ್ರು, "ಸೂಪರ್ ಮೇಡಂ, ಹಲ್ಲು ಯಾವುದು ಫಿಲ್ಲಿಂಗ್ ಯಾವುದು ಗೊತ್ತೇ ಆಗಲ್ಲ" ಅಂದ್ರು. ನೋಡೋಕೆ ಚೆನ್ನಾಗೇ ಇತ್ತು. ಅದೇ ಕರ್ಮ, ನೋಡೋಕೆ ಚೆನ್ನಾಗಿತ್ತು.

ಮನೆಗೆ ಬಂದಾಗಿಂದ ಆ ಕಡೆ ಕಚ್ಚಿದ್ರೆ ಚುಳ್ ಅಂತಿತ್ತು. ಫೋನ್ ಮಾಡಿದ್ರೆ "ಹೊಸದಲ್ವಾ, ಸೆಟ್ ಆಗುತ್ತೆ". ಎರಡು ಹಲ್ಲಿನ ನಡುವೆ ಸಂದಿ ಬಿಟ್ಟಿದ್ರು, ಅನ್ನ, ಸೊಪ್ಪು, ಮಾವಿನ ನಾರು ಎಲ್ಲ ಅಲ್ಲೇ ಹೋಗಿ ಕೂರ್ತಿತ್ತು. ಮೊದಲು ಹಂಗಿರಲಿಲ್ಲ. ಊಟ ಆದಮೇಲೆ ನೆಂಟರ ಎದುರು ಸೆರಗು ಮುಚ್ಕೊಂಡು ಕಡ್ಡಿ ಹಾಕೋ ಪರಿಸ್ಥಿತಿ. ಮತ್ತೆ ಫೋನ್. "ಫ್ಲಾಸ್ ಮಾಡಿ ಮೇಡಂ." ಮಳೆಗಾಲ ಮುಗಿಯೋದ್ರೊಳಗೆ ಒಂದಿನ ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಬಾಯಲ್ಲಿ ಗರಗರ ಅಂತು. ಕಲ್ಲು ಅನ್ಕೊಂಡು ಉಗಿದ್ರೆ ಬಿಳಿ ಚೂರು. ತಿಂತಿದ್ದದ್ದು ಎಂತ ಗೊತ್ತಾ? ಕಡುಬು. ಅಕ್ಕಿ ಕಡುಬು! ಚಕ್ಕುಲಿ ಅಲ್ಲ, ಕೋಡುಬಳೆ ಅಲ್ಲ.

ಸರಿ, ಗ್ಯಾರಂಟಿ ಕಾರ್ಡ್ ಇದೆಯಲ್ಲ ಅಂತ ಧೈರ್ಯವಾಗಿ ಹೋದೆ. ಅಲ್ಲಿ ನಡೆದದ್ದು ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ. ಡಾಕ್ಟರ್ ಒಳಗೆ ಕರೀಲೇ ಇಲ್ಲ. ಹೊರಗೆ, ಕಾಯ್ತಾ ಕೂತಿದ್ದ ಹತ್ತಾರು ಜನರ ಎದುರಿಗೆ ನಿಲ್ಲಿಸಿ ಕೇಳಿದ್ರು:

"ಊರು ಯಾವುದು ಅಂದ್ರಿ? ತೀರ್ಥಹಳ್ಳಿ ಕಡೆನಾ? ಎಲೆ ಅಡಿಕೆ ಹಾಕ್ತೀರಲ್ವಾ?"

ಇಲ್ಲ ಅಂದೆ.

"ತೋಟ ಇದೆಯಲ್ವಾ ಮತ್ತೆ?"

ತೋಟ ಇದ್ರೆ ಅಡಿಕೆ ಜಗಿಯಲೇಬೇಕಾ? ಹಂಗಾದ್ರೆ ರಬ್ಬರ್ ತೋಟದೋರು ರಬ್ಬರ್ ತಿಂತಾರಾ? ಹಿಂಗೆ ಕೇಳ್ಬೇಕಿತ್ತು, ಬಾಯಿಗೆ ಬರಲಿಲ್ಲ. ಎಲ್ಲರೂ ನನ್ನ ಬಾಯೇ ನೋಡ್ತಿದ್ರು. ಯಾರೋ ಒಬ್ರು ಕಿಸಕ್ಕನೆ ನಕ್ಕರು. ನಾನು ಮದುವೆ ಮನೆಯಲ್ಲೂ ತಾಂಬೂಲ ಪಕ್ಕದೋರಿಗೆ ಕೊಡೋಳು. ಕವಳ ಜಗಿಯೋರ ಹಲ್ಲು ಸವೀತದೆ, ಬಿರುಕು ಬಿಡ್ತದೆ, ಒಪ್ತೀನಿ, ನಮ್ಮ ಮಾವನವರ ಹಲ್ಲು ಅರ್ಧಕ್ಕರ್ಧ ಸವೆದಿದೆ. ಆದ್ರೆ ಜಗಿಯದೇ ಇರೋರ ಮೇಲೂ ಅದನ್ನೇ ಹೊರಿಸೋದಾ?

ಕಾರ್ಡ್ ತೋರಿಸಿದೆ. ರಿಸೆಪ್ಷನ್ ಹುಡುಗ ಅದನ್ನ ತಿರುಗಿಸಿ ಹಿಂದಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟ. "ಗ್ಯಾರಂಟಿ ಮೆಟೀರಿಯಲ್‌ಗೆ ಮಾತ್ರ ಆಂಟಿ. ಕಂಪನಿ ಡಿಫೆಕ್ಟ್ ಇದ್ರೆ. ಮುರಿಯೋದು, ಬಿದ್ದುಹೋಗೋದು, ಹುಳುಕು ಇವೆಲ್ಲ ಕವರ್ ಆಗಲ್ಲ." ಹಂಗಾದ್ರೆ ಇನ್ಯಾವುದು ಕವರ್ ಆಗುತ್ತಪ್ಪ? ಫಿಲ್ಲಿಂಗ್ ಕೆಡೋದೇ ಮುಖ್ಯವಾಗಿ ಎರಡು ರೀತಿ, ಒಂದು ಮುರಿಯುತ್ತೆ, ಇಲ್ಲ ಅಂಚಲ್ಲಿ ಮತ್ತೆ ಹುಳುಕು ಹಿಡಿಯುತ್ತೆ. ಎರಡನ್ನೂ ತೆಗೆದುಹಾಕಿ ಹತ್ತು ವರ್ಷ ಗ್ಯಾರಂಟಿ ಅಂತೆ! ಅದೇ ಕ್ಷಣ ಗೊತ್ತಾಯ್ತು, ನನ್ನನ್ನ ಚೆನ್ನಾಗಿ ಕುರಿ ಮಾಡಿದಾರೆ ಅಂತ. ಆಮೇಲೆ ಡಾಕ್ಟರೇ ಬಂದು ನಗುನಗ್ತಾ, "ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕ್ಬಿಡೋಣ ಮೇಡಂ, ನಿಮಗೆ ಡಿಸ್ಕೌಂಟ್ ಕೊಡ್ತೀನಿ" ಅಂದ್ರು. ಎಕ್ಸ್‌ರೇನೂ ತೆಗೆದಿಲ್ಲ ಆಗ. ಬಾಯಿ ತೆಗೆದೂ ನೋಡಿಲ್ಲ.

ಎದ್ದು ಬಂದೆ. ಸಾಗರದಲ್ಲಿ ತಂಗಿ ಮನೆ ಹತ್ತಿರದ ಒಬ್ಬ ವಯಸ್ಸಾದ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ತೆಗೆದು, ಒಡೆದ ಜಾಗದಲ್ಲಿ ಸೂಜಿಯಂಥದ್ರಲ್ಲಿ ಗೀರಿದ್ರು. ಮೇಲೆ ಗಟ್ಟಿ, ತಳದಲ್ಲಿ ಮೆತ್ತಗೆ. ಲೈಟ್ ತಳಕ್ಕೆ ಮುಟ್ಟೇ ಇಲ್ಲ ಅಂದ್ರು. ಸಮಾಧಾನವಾಗಿ ಎಲ್ಲ ವಿವರಿಸಿದ್ರು, ನಾನೂ ಬಿಡದೆ ಕೇಳಿದೆ. ಈ ಸಿಮೆಂಟ್ ಅಂದ್ರೆ ಅಂಟಿನಂಥ ರಾಳ, ಅದರೊಳಗೆ ಗಾಜಿನ ನುಣ್ಣನೆ ಪುಡಿ. 470 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ರೆ ಮಾತ್ರ ಗಟ್ಟಿಯಾಗುತ್ತೆ, ಅದೂ ಸಾಮಾನ್ಯ ಸಿಮೆಂಟಾದ್ರೆ ಒಂದು ಸಲಕ್ಕೆ 2 ಮಿಲಿಮೀಟರ್ ದಪ್ಪದಷ್ಟೇ. ನಾಲ್ಕು ಮಿಲಿಮೀಟರ್‌ವರೆಗೆ ಒಟ್ಟಿಗೆ ತುಂಬೋ ಬೇರೆ ಬಗೆಯೂ ಇದೆ, ನನಗೆ ಹಾಕಿದ್ದು ಅದಲ್ಲ ಅನ್ನೋದು ಬಿಲ್ಲಲ್ಲೇ ಇತ್ತು. ಅದಕ್ಕೇ ತೆಳ್ಳಗೆ ಒಂದೊಂದೇ ಪದರ ಹಾಕಿ, ಒಂದೊಂದಕ್ಕೂ 20 ಸೆಕೆಂಡ್ ಆದ್ರೂ ಹತ್ತಿರದಿಂದ ನೆಟ್ಟಗೆ ಬೆಳಕು ಹಿಡೀಬೇಕು. ಗಟ್ಟಿಯಾಗುವಾಗ ಅದು ಶೇಕಡ 2ರಿಂದ 3ರಷ್ಟು ಕುಗ್ಗುತ್ತಂತೆ. ಒಂದೇ ಮುದ್ದೆ ಹಾಕಿದ್ರೆ ಕುಗ್ಗಿದ ಎಳೆತಕ್ಕೆ ಅಂಚು ಬಿಟ್ಟುಕೊಳ್ಳುತ್ತೆ, ಕಚ್ಚಿದಾಗ ಚುಳ್ ಅಂತಿದ್ದದ್ದಕ್ಕೆ ಅದೂ ಕಾರಣ ಇರಬಹುದು ಅಂದ್ರು.

ಎಲ್ಲಕ್ಕಿಂತ ದೊಡ್ಡದು ಎಂಜಲು. ಬೆಳ್ಳಿ ಸಿಮೆಂಟ್ ಗುಂಡಿಯಲ್ಲಿ ಬಿಗಿಯಾಗಿ ಕೂರುತ್ತೆ, ಸ್ವಲ್ಪ ತೇವ ಇದ್ರೂ ತಡ್ಕೊಳ್ಳುತ್ತೆ. ಇದು ಹಾಗಲ್ಲ, ಇದು ಅಂಟ್ಕೊಂಡೇ ನಿಲ್ಲಬೇಕು. ಆ ನೀಲಿ ಆಸಿಡ್‌ನಿಂದ ಹಲ್ಲಿನ ಮೇಲ್ಮೈ ಒರಟು ಮಾಡಿದ ಮೇಲೆ ಒಂದು ಹನಿ ಎಂಜಲು ಬಿದ್ರೂ ಅಂಟು ಹಿಡಿಯಲ್ಲ. ನೀರು ಒಸರೋ ಗೋಡೆಗೆ ಬಣ್ಣ ಬಳಿದ ಹಾಗೆ. ಅದಕ್ಕೇ ಹಲ್ಲು ಮಾತ್ರ ಹೊರಗೆ ಕಾಣೋ ಹಾಗೆ ರಬ್ಬರ್ ಹಾಳೆ ಕಟ್ತಾರೆ, ಇಲ್ಲಾಂದ್ರೆ ಹತ್ತಿ ಬದಲಾಯಿಸ್ತಾ ಎಂಜಲು ಎಳೆಯೋ ಪೈಪ್ ಇಟ್ಟಿರ್ತಾರೆ. ಎರಡು ಹಲ್ಲಿನ ನಡುವಿನ ಗುಂಡಿಗೆ ತಗಡಿನ ಪಟ್ಟಿ ಸುತ್ತಿ, ಬುಡದಲ್ಲಿ ಸಣ್ಣ ಮರದ ಬೆಣೆ ಹೊಡೀತಾರೆ, ಸಂದಿ ಬೀಳದ ಹಾಗೆ. ನನಗೆ ಇದ್ಯಾವುದೂ ಮಾಡಿಲ್ಲ. ಇಂಪೋರ್ಟೆಡ್ ಆದ್ರೇನು, ನ್ಯಾನೋ ಆದ್ರೇನು?

ನಾನು ಈ ಸಿಮೆಂಟೇ ಕೆಟ್ಟದ್ದು ಅಂತ ಹೇಳ್ತಿಲ್ಲ, ತಪ್ಪು ತಿಳೀಬೇಡಿ. ನಮ್ಮತ್ತಿಗೆಗೆ ಹಾಕಿದ್ದು ವರ್ಷಗಟ್ಟಲೆ ಆಯ್ತು, ಅಲ್ಲಾಡಿಲ್ಲ, ಕಾಫಿ ಕುಡಿದು ಅಂಚು ಸ್ವಲ್ಪ ಹಳದಿ ಆಗಿದೆ ಅಷ್ಟೇ. ಶ್ರದ್ಧೆಯಿಂದ ಹಾಕಿದ್ರೆ ದವಡೆ ಹಲ್ಲಲ್ಲೂ ಹತ್ತು ವರ್ಷ, ಅದಕ್ಕಿಂತ ಹೆಚ್ಚೂ ಬಾಳುತ್ತಂತೆ. ಆದ್ರೆ ರಾತ್ರಿ ಹಲ್ಲು ಕಡಿಯೋರಿಗೆ, ಬಾಯಲ್ಲಿ ಹುಳುಕು ಜಾಸ್ತಿ ಇರೋರಿಗೆ ಬೇಗ ಹೋಗುತ್ತೆ, ಅದಕ್ಕೇ ಯಾವ ಡಾಕ್ಟರೂ ಲೆಕ್ಕ ಹಾಕಿ ವರ್ಷ ಹೇಳೋಕಾಗಲ್ಲ. ಸಾಗರದೋರು ಗ್ಯಾರಂಟಿ ಮಾತೇ ಎತ್ತಲಿಲ್ಲ. ರೂಟ್ ಕೆನಾಲೂ ಬೇಡ, ನರಕ್ಕೆ ಹೋಗಿಲ್ಲ ಅಂದ್ರು! ಮುಕ್ಕಾಲು ಗಂಟೆ ಬಾಯಿ ತೆರೆಸಿ, ರಬ್ಬರ್ ಕಟ್ಟಿ, ಪದರ ಪದರ ಹಾಕಿದ್ರು. ದುಡ್ಡು ಶಿವಮೊಗ್ಗದಕ್ಕಿಂತ ಕಮ್ಮಿ. ಒಂದೇ ಬೇಜಾರು, ಎರಡು ಸಲ ಕೊರೆದು ಹಲ್ಲು ಮೊದಲಿಗಿಂತ ತೆಳ್ಳಗಾಗಿದೆ, ಮುಂದೆ ಕ್ಯಾಪ್ ಬೇಕಾಗಬಹುದು ಅಂದಿದಾರೆ. ಸುಮ್ನಿದ್ದ ಹಲ್ಲು!

ನೋವಿಲ್ಲದ ಹಳೇ ಫಿಲ್ಲಿಂಗ್ ತೆಗೀರಿ ಅಂದ್ರೆ, ಎಕ್ಸ್‌ರೇ ತೋರಿಸಿ, ಯಾಕೆ ಅಂತ ಹೇಳಿ ಅನ್ನಿ. ಎಂಜಲು ಬರದ ಹಾಗೆ ಏನು ಮಾಡ್ತೀರಾ, ಎಷ್ಟು ಪದರ ಹಾಕ್ತೀರಾ ಅಂತ ಮಲಗೋ ಮುಂಚೆ ಕೇಳಿ, ಮಲಗಿದ ಮೇಲೆ ಬಾಯಿ ನಿಮ್ಮದಲ್ಲ. ಫೋನಲ್ಲಿ ಮಾತಾಡ್ತಾ ಕೆಲಸ ಮಾಡಿದ್ರೆ ಕೈ ಎತ್ತಿ ನಿಲ್ಲಿಸಿ, ಮರ್ಯಾದೆ ನೋಡ್ಬೇಡಿ. ಕಾರ್ಡ್ ಕೊಟ್ರೆ ಹಿಂದುಗಡೆ ಅಲ್ಲೇ ಓದಿ.

ಗ್ರಾಹಕರ ಆಯೋಗಕ್ಕೆ ದೂರು ಕೊಡೋಕೆ ಎರಡು ವರ್ಷದ ಅವಧಿ ಇದೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾನು ಕೊಡೋಳೇ. ಅದಕ್ಕೆ ಬೇಕು ಅಂತ ಮೊದಲ ದಿನ ತೆಗೆದ ಹಲ್ಲಿನ ಫೋಟೋ, ಬರೆದಿಟ್ಟ ಚೀಟಿ ಕೇಳಿದೀನಿ. ನಿನ್ನೆ ಬಂದ ಉತ್ತರ: "ಸಾಫ್ಟ್‌ವೇರ್ ಚೇಂಜ್ ಆಗಿದೆ ಮೇಡಂ, ಹಳೇದು ಸಿಗಲ್ಲ." ಬಿಲ್ಲೂ ಕಾರ್ಡೂ ನನ್ನ ಹತ್ರ ಇವೆ, ಮುರಿದ ಚೂರನ್ನೂ ಡಬ್ಬಿಯಲ್ಲಿ ಹಾಕಿಟ್ಟಿದೀನಿ.