ನಾಲಿಗೆಯ ಕಸರತ್ತು: ಆರು ವಾರಗಳ ಉಚ್ಚಾರಣಾ ಕೋರ್ಸ್

ಬಾಯಿಯ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟು ಇಂಗ್ಲಿಷ್ ಉಚ್ಚಾರಣೆಯನ್ನು ತಿದ್ದುವುದಾಗಿ ಹೇಳಿಕೊಳ್ಳುವ ಆರು ವಾರಗಳ ಆನ್‌ಲೈನ್ ಕೋರ್ಸೊಂದನ್ನು 4,500 ರೂಪಾಯಿ ಕೊಟ್ಟು ಕಳೆದ ತಿಂಗಳು ಮುಗಿಸಿದೆ. ಮೊದಲ ಎರಡು ವಾರ ಕೆನ್ನೆ ಉಬ್ಬಿಸುವುದು, ಸ್ಟ್ರಾದಲ್ಲಿ ಊದುವುದು, ನಾಲಿಗೆಯನ್ನು ಮೂಗಿನತ್ತ ಚಾಚುವುದು ಇವುಗಳಲ್ಲೇ ಕಳೆದುಹೋದವು. ಮಾತಿಗೆ ಬೇಕಾದದ್ದು ನಾಲಿಗೆಯ ಬಲವಲ್ಲ, ಸರಿಯಾದ ಕ್ಷಣದಲ್ಲಿ ಸರಿಯಾದ ಜಾಗವನ್ನು ಮುಟ್ಟುವ ರೂಢಿ. ಮಾತಿಲ್ಲದ ಇಂಥ ಕಸರತ್ತಿನಿಂದ ಉಚ್ಚಾರಣೆ ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ದಿನವೂ ಮುದ್ದೆ ನುಂಗುವ ನಾಲಿಗೆಗೆ ಶಕ್ತಿಯ ಕೊರತೆ ಏನಿದ್ದೀತು!

ಮೂರನೆಯ ವಾರದಿಂದ ಪಾಠಕ್ಕೆ ಜೀವ ಬಂದಿತು. ಕನ್ನಡದಲ್ಲಿ ‘ವೆಸ್ಟ್’ ಎಂದು ಒಂದೇ ರೀತಿ ಬರೆಯುವ ಎರಡು ಪದಗಳನ್ನು, ಪಶ್ಚಿಮ ಎಂಬ ಅರ್ಥದ್ದಕ್ಕೆ ತುಟಿಗಳನ್ನು ಗುಂಡಗೆ ಮುಂಚಾಚಿ, ಬನಿಯನ್ ಎಂಬ ಅರ್ಥದ್ದಕ್ಕೆ ಮೇಲಿನ ಹಲ್ಲನ್ನು ಕೆಳದುಟಿಗೆ ತಾಗಿಸಿ, ಕನ್ನಡಿಯ ಮುಂದೆ ಹೇಳಿಸಿದರು. ‘ಥಿಂಕ್’ ಎನ್ನುವಾಗ ನಾವು ಹಲ್ಲಿನ ಹಿಂದೆ ತಡೆಯುವ ಉಸಿರನ್ನು ತಡೆಯದೆ, ಹಲ್ಲುಗಳ ನಡುವೆ ನಾಲಿಗೆಯ ತುದಿಯನ್ನು ಸಡಿಲವಾಗಿಟ್ಟು ಸೋರಬಿಡಬೇಕು. ‘ಪೆನ್’ ಎನ್ನುವಾಗ ಪಕಾರದ ಜೊತೆ ಹೊಮ್ಮುವ ಉಸಿರಿಗೆ ತುಟಿಯೆದುರು ಹಿಡಿದ ಕಾಗದದ ಚೂರು ಅಲುಗಬೇಕು; ನನ್ನದು ನಾಲ್ಕು ದಿನ ಮಿಸುಕಲಿಲ್ಲ. ‘ಎಗ್’ ಪದದ ಮುಂದೆ ಕರೆಯದೆಯೇ ಬಂದು ಕೂರುವ ಯಕಾರವಂತೂ ಇನ್ನೂ ಪೂರ್ತಿ ಹೋಗಿಲ್ಲ.

ನನ್ನ ದೂರು ಒತ್ತಿನ, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳಬೇಕೆಂಬುದರ, ಪಾಠದ ಬಗ್ಗೆ. ‘ಫೋಟೋಗ್ರಾಫ್’ನಲ್ಲಿ ಮೊದಲ ಅಕ್ಷರದ ಮೇಲೆ ಬೀಳುವ ಒತ್ತು ‘ಫೋಟೋಗ್ರಫಿ’ಯಲ್ಲಿ ಎರಡನೆಯದಕ್ಕೆ ಜರುಗುತ್ತದೆ ಎಂಬಂಥ, ಕೇಳುವವರಿಗೆ ಮಾತು ತಿಳಿಯಲು ತೀರ ಅಗತ್ಯವಾದ ಸಂಗತಿಗೆ ಇಡೀ ಕೋರ್ಸಿನಲ್ಲಿ ಸಿಕ್ಕಿದ್ದು ಒಂದೇ ತರಗತಿ. ಸ್ಟ್ರಾ ಊದಿದ ಎರಡು ವಾರಗಳನ್ನು ಇದಕ್ಕೆ ಕೊಟ್ಟಿದ್ದರೆ ಶುಲ್ಕ ದುಬಾರಿ ಎನಿಸುತ್ತಿರಲಿಲ್ಲ.